ನಾನು ಬರೆದ ಸೊನ್ನೆಗಳು

ನಮ್ಮ ಓಣಿಯ ಜನಕ್ಕೆ ಸೊಳ್ಳೆಯ ಮೇಲೆ ಇಲ್ಲದ ಸಿಟ್ಟು ಸೊಳ್ಳೆ ಕೊಲ್ಲಲು ಬಂದವರ ಮೇಲಿತ್ತು. ಅದರಲ್ಲಿ ನನ್ನದು ಎಲ್ಲರಿಗಿಂತ ಒಂದು ಕೈ ಮೇಲು. ಹುಬ್ಬಳ್ಳಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮೂವತ್ತು ವರ್ಷ ಗಣಿತ, ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಮೊಟ್ಟೆ, ಮರಿಹುಳು, ಕೋಶ, ಸೊಳ್ಳೆ ಎಂದು ಬಾಣದ ಗುರುತು ಹಾಕಿ ಹಲಗೆಯ ಮೇಲೆ ಅದೆಷ್ಟು ಸಲ ಬರೆದಿದ್ದೇನೋ. ನಿಂತ ನೀರು ಚೆಲ್ಲಬೇಕು ಎಂದು ಹುಡುಗಿಯರಿಂದ ಒಟ್ಟಿಗೆ ಹೇಳಿಸಿದ್ದೇನೆ, ಸಣ್ಣ ದನಿಯಲ್ಲಿ ಹೇಳಿದವರನ್ನು ಎಬ್ಬಿಸಿ ನಿಲ್ಲಿಸಿದ್ದೇನೆ. ಅಂಥವಳ ಹಿತ್ತಲಿನ ನೀರು ನೋಡಲು ಸರಕಾರದವರು ಬಂದಾಗ ಗೇಟಿಗೆ ಅಡ್ಡ ನಿಂತವಳೂ ನಾನೇ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ. ಬರೆಯದೆ ಇದ್ದ ದಿನಗಳಲ್ಲೂ ನಾಚಿಕೆಯೇನು ಕಡಿಮೆ ಇರಲಿಲ್ಲ.

ನಮ್ಮಲ್ಲಿ ನಳಕ್ಕೆ ನೀರು ಬರುವುದು ಎಂಟು ದಿನಕ್ಕೊಮ್ಮೆ. ಒಮ್ಮೊಮ್ಮೆ ಹತ್ತೂ ಆಗುತ್ತದೆ. ನೀರು ಬರುವ ದಿನ ಮನೆಯಲ್ಲಿ ಒಬ್ಬರಾದರೂ ಇರಲೇಬೇಕು, ಸ್ವಂತ ತಂಗಿಯ ಮಗಳ ಮದುವೆ ಇದ್ದರೂ ಅಷ್ಟೇ. ಟಾಕಿ, ಬ್ಯಾರಲ್, ಹಂಡೆ, ಕೊಡ, ಕೊನೆಗೆ ಅಡುಗೆಮನೆಯ ಪಾತೇಲಿಗಳನ್ನೂ ತುಂಬಿಡುತ್ತೇವೆ. ಎಂಟು ದಿನ ನಿಂತ ನೀರಿನಲ್ಲಿ ಸೊಳ್ಳೆಯ ಇಡೀ ಸಂಸಾರ ಬೆಳೆದು ಹಾರಿಹೋಗಲು ಸಾಕಷ್ಟು ಸಮಯವಿರುತ್ತದೆ. ಇದು ನನ್ನ ಏಳನೇ ತರಗತಿಯ ಯಾವ ಹುಡುಗಿಗಾದರೂ ಗೊತ್ತು.

ಜಗಳ ಮೊದಲು ಶುರುವಾಗಿದ್ದು ಸೊಳ್ಳೆ ಕೊಲ್ಲುವ ಹೊಗೆ ಗಾಡಿಯಿಂದ. ಸಂಜೆ ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಅದು ಸದ್ದು ಮಾಡುತ್ತ ಓಣಿಗೆ ನುಗ್ಗಿ ಬೆಳ್ಳನೆಯ ಹೊಗೆ ಬಿಟ್ಟು ಹೋಗುತ್ತಿತ್ತು. ಎದುರುಮನೆಯ ಯಜಮಾನರಿಗೆ ದಮ್ಮಿನ ಕಾಯಿಲೆ. ಅವರು ಅರಳೆ ವ್ಯಾಪಾರ ಮಾಡಿ ಈಗ ಮಕ್ಕಳಿಗೆ ಬಿಟ್ಟುಕೊಟ್ಟವರು, ನಮ್ಮ ಓಣಿಯ ನಿವಾಸಿಗಳ ಸಂಘದ ಅಧ್ಯಕ್ಷರು. ಹೊಗೆ ಬಂದ ದಿನ ರಾತ್ರಿಯೆಲ್ಲ ಕೂತೇ ಕಳೆಯುತ್ತಿದ್ದರು. ಹೇಳದೆ ಕೇಳದೆ ಬರಬೇಡಿ, ಒಂದು ದಿನ ಮುಂಚೆ ತಿಳಿಸಿ ಎಂದು ನಾವೆಲ್ಲ ಗಾಡಿಯ ಮುಂದೆ ನಿಂತು ಕೇಳಿದೆವು. ಅಲ್ಲಿಯವರೆಗಿನ ಜಗಳ ನ್ಯಾಯದ್ದೇ. ಅವತ್ತು ನಾನು ಆಡಿದ ಮಾತಿಗೆ ಇವತ್ತೂ ನನಗೆ ಕೆಡುಕೆನಿಸುವುದಿಲ್ಲ.

ಆಮೇಲೆ ಬಂದವಳು ಆ ಹುಡುಗಿ. ಹುಡುಗಿ ಅಂದರೆ ಇಪ್ಪತ್ತಾರು ಇಪ್ಪತ್ತೇಳರವಳು. ಕೊರಳಲ್ಲಿ ಗುರುತಿನ ಚೀಟಿ, ಹೆಗಲಿಗೆ ಚೀಲ, ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ನೋಟ್‌ಬುಕ್ಕು. ಮಳೆಗಾಲದಲ್ಲಿ ಮನೆಮನೆಗೆ ಹೋಗಿ ತುಂಬಿಟ್ಟ ನೀರು ನೋಡುವ ಕೆಲಸಕ್ಕೆ ಆರೋಗ್ಯ ಇಲಾಖೆಯವರು ತೆಗೆದುಕೊಂಡಿದ್ದ ಹಂಗಾಮಿ ನೌಕರಳು. ಹುಳ ಕಂಡರೆ ನೀರು ಚೆಲ್ಲಿಸಬೇಕು, ಚೆಲ್ಲಲಾಗದ ದೊಡ್ಡ ಟಾಕಿಗೆ ಔಷಧ ಹಾಕಬೇಕು. ಹೊರಗೆ ಬಂದ ಮೇಲೆ ಗೇಟಿನ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಿಂದ ಅವತ್ತಿನ ತಾರೀಖು, ಎಷ್ಟು ಪಾತ್ರೆ ನೋಡಿದೆ, ಎಷ್ಟರಲ್ಲಿ ಹುಳ ಇತ್ತು ಎಂದು ಬರೆದು, ಕೆಳಗೆ ತನ್ನ ಹೆಸರಿನ ಎರಡು ಅಕ್ಷರ ಹಾಕಬೇಕು. ಮೇಲಿನವರು ಮೋಟಾರ್ ಸೈಕಲ್ಲಿನಲ್ಲಿ ಬಂದು ಬರೀ ಗೋಡೆ ನೋಡಿಕೊಂಡು ಹೋಗುತ್ತಾರೆ.

"ನಮಸ್ಕಾರ್ರಿ ಅಕ್ಕೋರ" ಅಂದಳು. ಶಿಕ್ಷಕಿಯರನ್ನು ನಮ್ಮ ಕಡೆ ಅಕ್ಕೋರ ಅನ್ನುತ್ತಾರೆ, ಗುರುತಿಲ್ಲದವಳು ಹಾಗೆ ಅಂದಳೆಂದರೆ ಶಾಲೆಯ ಹುಡುಗಿಯೇ ಇರಬೇಕು.

"ನಮ್ಮ ಸಾಲ್ಯಾಗ ಕಲ್ತಾಕಿ ಏನ?"

"ಹೂಂನ್ರಿ. ಏಳನೇ ಕ್ಲಾಸಿನ್ಯಾಗ ನಿಮ್ಮ ಕಡೇನ ಇದ್ನಿರಿ. ಬಿ.ಎಸ್ಸಿ. ಮುಗಿಸೇನ್ರಿ. ಇದು ಮೂರನೇ ಮಳಿಗಾಲರಿ ನಂದು. ಇದೊಂದು ಛಲೋ ಮುಗೀತಂದ್ರ ಕೆಲಸಕ್ಕ ಕಾಯಂ ತಗೋತಾರಂತರಿ, ಪಟ್ಟಿ ಮಾಡಾಕತ್ತಾರ."

ಛಲೋ ಆತು ಅಂದೆ. ನಿಜಕ್ಕೂ ಖುಷಿಯಾಗಿತ್ತು. ಆದರೆ ಅದರ ಬೆನ್ನಿಗೇ ನಮ್ಮ ಕಡೆಯ ಹಳೆಯ ಚಟ ಬಾಯಿಗೆ ಬಂತು. "ಯಾರ ಪೈಕಿ ನೀವು?" ಅಂತ ಕೇಳಿದೆ.

"ಬೌದ್ಧರ್ರಿ" ಅಂದಳು. ಕಣ್ಣು ಕೆಳಗೆ ಹಾಕಲಿಲ್ಲ.

ನಮ್ಮದು ಶರಣರನ್ನು ನಂಬಿದ ಮನೆತನ. ಕುಲ ಕೇಳಬಾರದು ಎಂಬ ಮಾತನ್ನು ಹಾಲು ಕುಡಿಯುವಾಗಿನಿಂದ ಕೇಳಿ ಬೆಳೆದವಳು ನಾನು. ಶಾಲೆಯ ವಾರ್ಷಿಕೋತ್ಸವದಲ್ಲಿ ಆ ಮಾತಿನ ಮೇಲೆ ಭಾಷಣವನ್ನೂ ಮಾಡಿದ್ದೇನೆ. ಅವಳ ಉತ್ತರ ಕೇಳಿದ ಮೇಲೆ ನನ್ನ ಮೈ ಯಾಕೆ ಸ್ವಲ್ಪ ಬಿಗಿಯಾಯಿತು ಎಂದು ಅವತ್ತು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ಹಿತ್ತಲಿನಲ್ಲಿ ಎರಡು ಬ್ಯಾರಲ್ ಇದ್ದವು. ಒಂದರಲ್ಲಿ ಬ್ಯಾಟರಿ ಬಿಟ್ಟು ನೋಡಿದವಳು ನನ್ನನ್ನು ಕರೆದು ತೋರಿಸಿದಳು. ನೀರಿನ ಮೇಲ್ಗಡೆ ಬಾಲ ಬಡಿಯುತ್ತ ಹುಳಗಳು ಆಡುತ್ತಿದ್ದವು. "ಇವನ್ನ ನೀವ ಹಲಗಿ ಮ್ಯಾಲೆ ತಗದು ತೋರಿಸಿದ್ರಿ" ಎಂದು ನಕ್ಕು, ನಾನು ಬೇಡ ಅನ್ನುವಷ್ಟರಲ್ಲಿ ಅರ್ಧ ಬ್ಯಾರಲ್ ನೀರನ್ನು ಹಿತ್ತಲಿಗೆ ಚೆಲ್ಲಿಬಿಟ್ಟಳು. ನಳ ಬಂದು ಹೋಗಿ ಅವತ್ತಿಗೆ ಆರನೇ ದಿನ. ನನ್ನ ಸಿಟ್ಟು ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಇರುತ್ತದೆ. "ನಿಮ್ಮಪ್ಪನ ನಳ ಅಂತ ತಿಳಕೊಂಡಿಯೇನ?" ಎಂದು ಒದರಿದೆ. ಅಪ್ಪ ಇಲ್ಲದ ಹುಡುಗಿ ಎಂದು ಆಗ ನನಗೆ ಗೊತ್ತಿರಲಿಲ್ಲ. ಅವಳು ಬ್ಯಾರಲ್ಲಿನ ಒಳಗೋಡೆಯನ್ನು ಬ್ರಶ್ಶಿನಿಂದ ತಿಕ್ಕಿದಳು. ಮೊಟ್ಟೆ ಅಲ್ಲಿ ಅಂಟಿಕೊಂಡಿರುತ್ತವೆ ಎಂದು ಕಲಿಸಿದ್ದೂ ನಾನೇ ಇರಬೇಕು.

ಬಚ್ಚಲಿನ ಕಟ್ಟೆಯ ಮೇಲೆ ಪೂಜೆಗೆಂದು ಮೀಸಲಿಟ್ಟ ತಾಮ್ರದ ಕೊಡವಿತ್ತು. ಅವಳು ಮುಚ್ಚಳ ಎತ್ತಿ ಒಳಗೆ ಬೆಳಕು ಬಿಟ್ಟು ನೋಡಿ, ಛಲೋ ಐತ್ರಿ ಎಂದು ಮತ್ತೆ ಮುಚ್ಚಿದಳು. ನೀರಿಗೆ ಕೈ ತಾಗಿಸಲಿಲ್ಲ. ನಾನು ನೋಡುತ್ತಲೇ ಇದ್ದೆ, ಹಾಗಾಗಿ ಖಂಡಿತವಾಗಿ ಹೇಳಬಲ್ಲೆ.

ಅವಳು ಗೋಡೆಗೆ ಬರೆದು ಮುಂದಿನ ಮನೆಗೆ ಹೋದ ಮೇಲೆ ಆ ಕೊಡವನ್ನು ಎತ್ತಿಕೊಂಡು ಹೋಗಿ ಬಾಳೆಯ ಬುಡಕ್ಕೆ ಸುರಿದೆ. ಹುಣಸೆಹಣ್ಣು ಹಚ್ಚಿ ಕೊಡ ತಿಕ್ಕಿ, ಕುಡಿಯುವ ನೀರಿನಿಂದ ಮತ್ತೆ ತುಂಬಿದೆ. ನನ್ನ ಗಂಡ ರೈಲ್ವೆಯಲ್ಲಿದ್ದು ನಿವೃತ್ತರಾದವರು. ಮಾತು ಕಡಿಮೆ, ನೋಡುವುದು ಹೆಚ್ಚು. ಹಿತ್ತಲ ಬಾಗಿಲಲ್ಲಿ ಪೇಪರ್ ಹಿಡಿದು ನಿಂತಿದ್ದರು.

"ಅಕಿ ಅರ್ಧಾ ಬ್ಯಾರಲ್ ಚೆಲ್ಲಿದ್ದಕ್ಕ ಅಷ್ಟ ಒದರಿದಿ. ಈ ಕೊಡಾ ಯಾಕ ಚೆಲ್ಲಿದಿ?"

"ಮುಚ್ಚಳಾ ತಗದಿದ್ಲು. ಧೂಳಾ ಬಿದ್ದಿರತೈತಿ" ಅಂದೆ. ಅವರು ಪೇಪರಿನೊಳಗೆ ಮುಖ ಇಟ್ಟರು.

ಅವತ್ತು ಸಂಜೆಯೇ ಅಧ್ಯಕ್ಷರ ಪಡಸಾಲೆಯಲ್ಲಿ ಸಭೆ ಸೇರಿತು. ಇಪ್ಪತ್ತೆರಡು ಮನೆಯವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಬಂದಿದ್ದರು. ಒಬ್ಬರ ಟಾಕಿಗೆ ಹಾಕಿದ ಔಷಧ ವಾಸನೆ ಬರುತ್ತದಂತೆ. ಇನ್ನೊಬ್ಬರು ಮನೆಯಲ್ಲಿ ಹೆಂಗಸರು ಸ್ನಾನ ಮಾಡುವ ಹೊತ್ತಿಗೇ ಬರುತ್ತಾರೆ ಅಂದರು. ಎಂಟು ದಿನಕ್ಕೊಮ್ಮೆ ನೀರು ಬಿಟ್ಟು ತುಂಬಿಡಬೇಡಿ ಅನ್ನುವವರಿಗೆ ಮೊದಲು ದಿನಾ ನೀರು ಬಿಡಲು ಹೇಳಿ ಎಂದು ನಾನು ಅಂದಾಗ ಎಲ್ಲರೂ ಹೌದೌದು ಅಂದರು. ಅದು ಒಳ್ಳೆಯ ಮಾತು, ಈಗಲೂ ಒಳ್ಳೆಯ ಮಾತೇ. ಸಭೆ ಮುಗಿದು ಚಹಾ ಕುಡಿಯುವಾಗ ಅಧ್ಯಕ್ಷರು ದನಿ ತಗ್ಗಿಸಿ, "ಅದೆಲ್ಲಾ ಖರೇ. ಆದರ ಯಾರ್ಯಾರೋ ಬಂದು ನಮ್ಮ ನೀರಾಗ ಕೈ ಹಾಕತಾರ ನೋಡ್ರಿ, ಅದು..." ಎಂದು ಅರ್ಧಕ್ಕೆ ನಿಲ್ಲಿಸಿದರು. ಉಳಿದರ್ಧ ಯಾರೂ ಕೇಳಲಿಲ್ಲ. ಎಲ್ಲರ ತಲೆಯೂ ಅಲ್ಲಾಡಿತು, ನನ್ನದೂ.

ಇಲಾಖೆಗೆ ಅರ್ಜಿ ಬರೆಯುವ ಕೆಲಸ ನನಗೇ ಬಂತು. ಕುಡಿಯುವ ನೀರಿಗೆ ರಾಸಾಯನಿಕ ಬೆರೆಸುವುದು, ಅಮೂಲ್ಯವಾದ ನೀರನ್ನು ಪೋಲು ಮಾಡುವುದು, ಗೃಹಿಣಿಯರ ಖಾಸಗಿತನಕ್ಕೆ ಧಕ್ಕೆ ತರುವುದು ಎಂದು ಎರಡು ಪುಟ ಬರೆದೆ. ಅಧ್ಯಕ್ಷರ ಆ ಅರ್ಧ ಮಾತು ಅರ್ಜಿಯಲ್ಲಿ ಎಲ್ಲೂ ಇರಲಿಲ್ಲ. ಏನು ಬರೆಯಬಾರದು ಎಂಬುದು ನನಗೆ ಚೆನ್ನಾಗಿ ಗೊತ್ತು. ಕೆಳಗೆ ಇಪ್ಪತ್ತೆರಡು ಸಹಿ ಬಿದ್ದವು, ಮೊದಲನೆಯದು ನನ್ನದು.

ಮುಂದಿನ ವಾರ ಅವಳು ಬಂದಾಗ ಇಡೀ ಓಣಿಯ ಗೇಟುಗಳಿಗೆ ಒಳಗಿನಿಂದ ಚಿಲಕ. ನಾನು ಕಿಟಕಿಯಿಂದಲೇ, "ಸಂಘದಾಗ ಠರಾವು ಆಗೈತವಾ, ಯಾರನ್ನೂ ಒಳಗ ಬಿಡೂದಿಲ್ಲ" ಅಂದೆ. "ಹೊರಗ ಹಿತ್ತಲದಾಗಷ್ಟ ನೋಡಿ ಹೋಗತೇನ್ರಿ ಅಕ್ಕೋರ" ಎಂದು ಕೇಳಿದಳು. ನಾನು ಕಿಟಕಿ ಮುಚ್ಚಿದೆ. ಅವಳು ಬಿಸಿಲಲ್ಲಿ ನಿಂತು ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡು ಹೋದಳು. ಗೋಡೆಯ ಮೇಲೆ ಏನೂ ಬರೆಯಲಿಲ್ಲ. ಒಳಗೆ ಹೋಗದ ಮನೆಗೆ ಗುರುತು ಹಾಕುವ ಹಾಗಿಲ್ಲ.

ಗುರುತಿಲ್ಲದ ಗೋಡೆಗಳು ಮೇಲಿನವರ ಕಣ್ಣಿಗೆ ಬಿದ್ದವು. ಪರೀಕ್ಷೆಗೆ ಅಡ್ಡಿ ಮಾಡಿದ ಮನೆಯವರಿಗೆ ದಂಡ ಹಾಕಿ ನೋಟೀಸು ಅಂಟಿಸುತ್ತೇವೆ ಎಂದು ಧ್ವನಿವರ್ಧಕದಲ್ಲಿ ಕೂಗಿ ಹೋದರು. ನಮ್ಮ ಸಂಘದ ವೀರರ ಮುಖ ಸಣ್ಣದಾಯಿತು. ದಂಡಕ್ಕಿಂತ ಗೇಟಿನ ಮೇಲೆ ನೋಟೀಸು ಅಂಟಿಸುತ್ತಾರೆ ಎಂಬುದೇ ಅವರಿಗೆ ದೊಡ್ಡದು. ಅಧ್ಯಕ್ಷರು ಬೆಳಗ್ಗೆಯೇ ಬಂದು ನಮ್ಮ ಮನೆಯ ಕುರ್ಚಿಯಲ್ಲಿ ಕೂತರು.

"ಏನರ ದಾರಿ ಹುಡುಕ್ರಿ ಅಕ್ಕೋರ."

"ಅವರು ಒಳಗ ಬಂದು ನೋಡತಾರೇನ್ರಿ? ಗಾಡಿ ಮ್ಯಾಲೆ ಕೂತು ಗ್ವಾಡಿ ನೋಡತಾರ. ಗ್ವಾಡಿಗೆ ಗುರುತು ಬೇಕಷ್ಟ ಅಲ್ಲ? ನಾ ಹಾಕತೇನಿ" ಅಂದೆ.

ಅವರು ಒಂದು ಕ್ಷಣ ನನ್ನ ಮುಖ ನೋಡಿ, ಆಮೇಲೆ ಹೊಟ್ಟೆ ಕುಣಿಯುವ ಹಾಗೆ ನಕ್ಕರು. ನಾನೂ ನಕ್ಕೆ. ನನ್ನ ಜಾಣತನಕ್ಕೆ ನನಗೇ ಹಿಗ್ಗು.

ಬೆಳಗ್ಗೆ ರಂಗೋಲಿ ಹಾಕುವ ಹೊತ್ತನ್ನು ಆರಿಸಿಕೊಂಡೆ. ಆ ಹೊತ್ತಿಗೆ ಗೇಟಿನ ಮುಂದೆ ಬಗ್ಗಿ ಏನೋ ಬರೆಯುತ್ತಿರುವ ಹೆಂಗಸನ್ನು ಯಾರೂ ಎರಡನೇ ಸಲ ನೋಡುವುದಿಲ್ಲ. ಮನೆಯಲ್ಲಿ ಶಾಲೆಯ ಕಾಲದ ಸೀಮೆಸುಣ್ಣದ ಡಬ್ಬಿ ಇತ್ತು. ನಮ್ಮ ಗೋಡೆಯ ಹಳೆಯ ಗುರುತು ಮಳೆಗೆ ಅಳಿಸಿತ್ತು, ಪಕ್ಕದ ಓಣಿಗೆ ಹೋಗಿ ಅವಳು ನಿಜವಾಗಿ ಬರೆದ ಗುರುತು ಹೇಗಿದೆ ಎಂದು ನೋಡಿಕೊಂಡು ಬಂದೆ. ತಾರೀಖು, ಕೆಳಗೆ ಏಳು, ಒಂದು ಗೆರೆ, ಸೊನ್ನೆ. ಏಳು ಪಾತ್ರೆ ನೋಡಿದೆ, ಹುಳ ಇಲ್ಲ ಎಂದರ್ಥ. ಅದರ ಕೆಳಗೆ ಅವಳ ಎರಡು ಅಕ್ಷರ. ಎಲ್ಲ ಮನೆಗೂ ಏಳೇ ಬರೆದರೆ ಅನುಮಾನ ಬರಬಹುದು ಎಂದು ಒಂದು ಮನೆಗೆ ಐದು, ಒಂದಕ್ಕೆ ಒಂಬತ್ತು, ಒಂದಕ್ಕೆ ಏಳು ಹೀಗೆ ಬದಲಾಯಿಸುತ್ತ ಬರೆದೆ. ಸೊನ್ನೆ ಮಾತ್ರ ಎಲ್ಲ ಗೋಡೆಗೂ. ಮುಗಿಸಿ ಬಂದು ಕೈ ತೊಳೆದು ಚಹಾ ಕುಡಿಯುವಾಗ ಮೈ ಹಗುರಾಗಿತ್ತು. ಇಷ್ಟು ದಿನದ ಮೇಲೆ ಮತ್ತೆ ಹಲಗೆಯ ಮುಂದೆ ನಿಂತ ಸುಖ. ಗಂಡ ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲ. ಕೈಗೆ ಹತ್ತಿದ್ದ ಬಿಳಿ ಪುಡಿಯನ್ನು ನೋಡಿದ್ದರು.

ಮೂರು ವಾರ ಹೀಗೆ ನಡೆಯಿತು. ಅವಳು ವಾರಕ್ಕೊಮ್ಮೆ ಬರುವಳು, ಗೇಟು ಬಡಿಯುವಳು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗುವಳು. ಅವಳು ಹೋದ ಮಾರನೇ ಬೆಳಗ್ಗೆ ನಾನು ಅವಳ ಹೆಸರಿನಲ್ಲಿ ಬರೆಯುವುದು. ಮೇಲಿನವರ ಗಾಡಿ ಬಂದು ಗೋಡೆ ನೋಡಿ ಹೋಗುತ್ತಿತ್ತು. ಅವಳು ಮತ್ತೆ ಬರುವಷ್ಟರಲ್ಲಿ ಗುರುತನ್ನು ಮಳೆಯೋ ನನ್ನ ಒದ್ದೆ ಬಟ್ಟೆಯೋ ಅಳಿಸಿಬಿಟ್ಟಿರುತ್ತಿತ್ತು. ಅಧ್ಯಕ್ಷರು ಸಿಕ್ಕಾಗಲೆಲ್ಲ ಕಣ್ಣು ಮಿಟುಕಿಸುತ್ತಿದ್ದರು.

ನಾಲ್ಕನೇ ವಾರ ಅಧ್ಯಕ್ಷರ ಸೊಸೆಗೆ ಜ್ವರ ಬಂತು. ಮೊದಲೆರಡು ದಿನ ಮಾತ್ರೆ ನುಂಗಿದಳು. ಮೂರನೇ ದಿನ ಎದ್ದು ನಿಲ್ಲಲಾಗದೆ ಬಚ್ಚಲಲ್ಲಿ ಬಿದ್ದಳು. ಆಸ್ಪತ್ರೆಯಲ್ಲಿ ಡೆಂಗಿ ಎಂದರು. ರಕ್ತದಲ್ಲಿ ಏನೋ ಇಳಿಯುತ್ತಲೇ ಇದೆ ಎಂದು ಅಧ್ಯಕ್ಷರು ಫೋನಿನಲ್ಲಿ ಹೇಳುವಾಗ ಅವರ ದನಿಯೇ ಬೇರೆಯಾಗಿತ್ತು. ಎಂಟು ದಿನ ಇದ್ದು ಉಳಿದು ಬಂದಳು, ದೇವರು ದೊಡ್ಡವನು. ಅವಳಿನ್ನೂ ಆಸ್ಪತ್ರೆಯಲ್ಲಿದ್ದಾಗಲೇ ಅಧಿಕಾರಿಯೊಬ್ಬರು ಓಣಿಗೆ ಬಂದರು. ಜೊತೆಗೆ ಆ ಹುಡುಗಿ.

ಬೆಳಗ್ಗೆ ಹನ್ನೊಂದರ ಬಿಸಿಲು. ಓಣಿಯವರೆಲ್ಲ ಹೊರಗೆ ನಿಂತಿದ್ದೆವು. ಅಧಿಕಾರಿ ಅಧ್ಯಕ್ಷರ ಗೋಡೆಯ ಮೇಲೆ ಏಳು, ಸೊನ್ನೆ ಎಂದು ಓದಿ ಒಳಗೆ ಹೋದರು. ಹಿತ್ತಲಿನ ಬ್ಯಾರಲ್ಲಿನಲ್ಲಿ ಹುಳ ತೇಲುತ್ತಿದ್ದವು. ಪಕ್ಕದ ಮನೆಯಲ್ಲೂ ಇದ್ದವು. ಮೂರನೆಯದು ನಮ್ಮದು. ಅವರು ನನ್ನ ಬ್ಯಾರಲ್ಲಿಗೆ ಬ್ಯಾಟರಿ ಬಿಟ್ಟಾಗ ನಾನು ನೋಡುವ ಅಗತ್ಯವೇ ಇರಲಿಲ್ಲ. ಅವರ ಮುಖ ನೋಡಿದರೆ ಸಾಕಾಗಿತ್ತು.

ಹೊರಗೆ ಬಂದು ಅವಳನ್ನು ಕೇಳಿದರು. "ಇಷ್ಟೆಲ್ಲಾ ಹುಳ ಅದಾವ. ಗ್ವಾಡಿ ಮ್ಯಾಲೆ ಸೊನ್ನಿ ಐತಿ. ಏನಿದು?"

"ಸರ್, ಇದು ನಾ ಬರದಿದ್ದಲ್ರಿ. ಈ ಓಣ್ಯಾಗ ನಾಕ ವಾರದಿಂದ ನನ್ನ ಒಳಗ ಬಿಟ್ಟೇ ಇಲ್ರಿ" ಎಂದು ನೋಟ್‌ಬುಕ್ಕು ತೆರೆದು ತೋರಿಸಿದಳು. ನಮ್ಮ ಓಣಿಯ ಪುಟದಲ್ಲಿ ಪ್ರತಿ ಮನೆಯ ಮುಂದೂ ಒಳಗೆ ಬಿಡಲಿಲ್ಲ ಎಂದು ಬರೆದಿತ್ತು. ನಾಲ್ಕೂ ವಾರ.

ಅಧಿಕಾರಿ ಆ ಪುಟ ನೋಡಿದರು. ಹಿಂದಿನ ಪುಟ ತಿರುವಿದರು, ಅಲ್ಲಿ ಪಕ್ಕದ ಓಣಿಯ ಅಂಕಿಗಳಿದ್ದವು. ನೋಟ್‌ಬುಕ್ಕನ್ನು ಗೋಡೆಯ ಹತ್ತಿರ ಹಿಡಿದರು. ಗೋಡೆಯ ಮೇಲಿನ ಏಳರ ನಡುವೆ ಒಂದು ಅಡ್ಡಪಟ್ಟಿ ಇತ್ತು. ನೋಟ್‌ಬುಕ್ಕಿನ ಏಳಕ್ಕೂ ಇತ್ತು.

"ಹಂಗಾದ್ರ ಇದು ಯಾರ ಕೈ? ನಿಂದೇ ಅಲ್ಲೇನು?"

ಏಳಕ್ಕೆ ಅಡ್ಡಪಟ್ಟಿ ಹೊಡೆಯದಿದ್ದರೆ ಅದು ಒಂದರ ಹಾಗೆ ಕಾಣುತ್ತದೆ, ಲೆಕ್ಕ ತಪ್ಪುತ್ತದೆ ಎಂದು ನಾನು ಹುಡುಗಿಯರ ಬೆರಳಿಗೆ ಅಡಿಕೋಲಿನಿಂದ ಹೊಡೆದು ಕಲಿಸುತ್ತಿದ್ದೆ. ಮೂವತ್ತು ವರ್ಷ ನನ್ನ ಕೈಯಲ್ಲಿ ಕಲಿತವರೆಲ್ಲ ಹಾಗೇ ಬರೆಯುತ್ತಾರೆ. ಅವಳು ಗೋಡೆ ನೋಡಿದಳು, ತನ್ನ ನೋಟ್‌ಬುಕ್ಕು ನೋಡಿದಳು, ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದಳು. ಅವಳಿಗೆ ಗೊತ್ತಾಯಿತು ಎಂದು ನನಗೆ ಗೊತ್ತಾಯಿತು.

ಅಧಿಕಾರಿ ಅಧ್ಯಕ್ಷರ ಕಡೆ ತಿರುಗಿದರು. "ನೀವು ಒಳಗ ಬಿಟ್ಟಿಲ್ಲೇನ್ರಿ?" ಸೊಸೆ ಆಸ್ಪತ್ರೆಯಲ್ಲಿ ಮಲಗಿದ್ದಳು. ಒಳಗೆ ಬಿಡಲಿಲ್ಲ ಅಂದರೆ ಆ ಜ್ವರ ತಮ್ಮ ಕೈಯಿಂದಲೇ ಬಂದ ಹಾಗೆ. "ನಾವ್ಯಾಕ ಬಿಡೂದಿಲ್ರಿ ಸಾಹೇಬ್ರ" ಅಂದರು. ಉಳಿದವರು ನೆಲ ನೋಡಿದರು.

ಆಮೇಲೆ ಅಧಿಕಾರಿ ನನ್ನ ಹತ್ತಿರ ಬಂದರು. ನಾನು ಯಾರು ಎಂದು ಯಾರೋ ಹೇಳಿರಬೇಕು. "ಮೇಡಂ, ನೀವು ಸಾಲಿ ಕಲಿಸಿದವರು. ನಿಮ್ಮ ಮಾತಿನ ಮ್ಯಾಲೆ ನನಗ ಭರವಸೆ ಐತಿ. ಈಕಿ ಒಳಗ ಬಂದು ನೋಡತಿದ್ಲೋ, ಹೊರಗ ನಿಂತು ಬರದು ಹೋಗತಿದ್ಲೋ?"

ಒಂದು ಮಾತು ಸಾಕಿತ್ತು. ಅದು ನನ್ನದು ಎನ್ನಬೇಕಿತ್ತು, ಅಷ್ಟೇ. ನಾನು ಅಂದದ್ದು ಹೀಗೆ: "ನಾ ಅಷ್ಟ ಲಕ್ಷ್ಯ ಕೊಟ್ಟಿಲ್ರಿ. ಗ್ವಾಡಿ ಮ್ಯಾಲೆ ಗುರುತಂತೂ ಇರತಿತ್ತು."

ಹೊರಗಿನಿಂದ ನೋಡಿದರೆ ಅದರಲ್ಲಿ ಸುಳ್ಳು ಹಿಡಿಯುವುದು ಕಷ್ಟ. ಗುರುತು ಇದ್ದದ್ದು ನಿಜ. ಅಷ್ಟು ಹೊತ್ತಿಗೆ ಅಷ್ಟು ಚೊಕ್ಕಟವಾದ ವಾಕ್ಯ ನನಗೆ ಹೇಗೆ ಹೊಳೆಯಿತೋ ಎಂದು ಈಗಲೂ ಅಂದುಕೊಳ್ಳುತ್ತೇನೆ. ಅವಳು ನೋಟ್‌ಬುಕ್ಕನ್ನು ಚೀಲದಲ್ಲಿಟ್ಟು ಅಧಿಕಾರಿಯ ಹಿಂದೆ ನಡೆದು ಹೋದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಗಂಡ ಅಂದರು: "ನೀ ಹೇಳಬೇಕಾಗಿತ್ತು."

ನನಗೆ ಮೈ ಉರಿದುಹೋಯಿತು. "ಹೇಳಿದ್ರ ಇಡೀ ಓಣಿಗೆ ದಂಡ ಬೀಳತಿತ್ತು. ಅದನ್ನ ನೀವು ಕಟ್ಟತಿದ್ರೇನು?"

"ದಂಡಕ್ಕ ಅಂಜಿದೇನು ನೀ?" ಅಂದರು. ರೊಟ್ಟಿ ಮುರಿಯುತ್ತ, ಮೆಲ್ಲಗೆ.

ದಂಡಕ್ಕೆ ನಾನು ಅಂಜಿರಲಿಲ್ಲ. ಅಕ್ಕೋರು ಕಳ್ಳ ಗುರುತು ಹಾಕಿದರಂತೆ ಎಂದು ಓಣಿಯಲ್ಲಿ, ಕಿರಾಣಿ ಅಂಗಡಿಯಲ್ಲಿ, ಹಳೆಯ ಸಹೋದ್ಯೋಗಿಗಳ ನಡುವೆ ಮಾತಾಗುತ್ತದೆ ಎಂಬುದಕ್ಕೆ ಅಂಜಿದ್ದೆ. ನನಗಿದ್ದದ್ದು ಆ ಒಂದು ಹೆಸರು. ಅದನ್ನು ಉಳಿಸಿಕೊಳ್ಳಲು ಆ ಹುಡುಗಿಯ ಹೆಸರು ಕೊಟ್ಟೆ.

ಮುಂದಿನ ವಾರ ಬೇರೊಬ್ಬಳು ಬಂದಳು. ಈಗ ಓಣಿಯ ಗೇಟುಗಳೆಲ್ಲ ತಾವಾಗಿ ತೆರೆದುಕೊಂಡವು. ಜ್ವರ ಮನೆ ಬಾಗಿಲಿಗೆ ಬಂದ ಮೇಲೆ ಔಷಧದ ವಾಸನೆ ಯಾರಿಗೂ ಬರಲಿಲ್ಲ. ಬ್ಯಾರಲ್ಲುಗಳಿಗೆ ಬಟ್ಟೆ ಕಟ್ಟಿದೆವು. ಅಧ್ಯಕ್ಷರ ಮನೆಯಲ್ಲಿ ಅವಳಿಗೆ ಚಹಾ ಕೊಟ್ಟರಂತೆ. ನಾನು ಅವಳನ್ನು ಗೇಟಿನ ಹತ್ತಿರ ನಿಲ್ಲಿಸಿ, ಮೊದಲಿನ ಹುಡುಗಿ ಎಲ್ಲಿ ಎಂದು ಕೇಳಿದೆ.

"ತಗದು ಹಾಕಿದ್ರಿ. ಪಟ್ಟ್ಯಾಗ ಅಕೀದ ಮೊದಲನೇ ಹೆಸರಿತ್ತು. ಕಳ್ಳ ಗುರುತು ಹಾಕ್ಯಾಳ ಅಂತ ಕಾಗದದಾಗ ಬರದಾರಂತರಿ. ಇನ್ನ ಸರಕಾರಿ ಕೆಲಸದಾಗ ಯಾರ ತಗೋತಾರ್ರಿ? ಬೆಂಗೇರ್ಯಾಗ ಝೆರಾಕ್ಸ್ ಅಂಗಡ್ಯಾಗ ಕೂಡತಾಳ ಈಗ. ಅಕಿ ಅವ್ವಗ ಆರಾಮಿಲ್ಲ, ಅಪ್ಪ ಇಲ್ಲ."

ನಾಲ್ಕು ದಿನ ತಡೆದೆ. ಐದನೇ ದಿನ ಬಸ್ಸು ಹತ್ತಿ ಬೆಂಗೇರಿಗೆ ಹೋದೆ. ಅಂಗಡಿ ಸಣ್ಣದು. ಒಂದು ಯಂತ್ರ, ಒಂದು ಮೇಜು, ಎರಡು ಸ್ಟೂಲು. ಗಿರಾಕಿ ಯಾರೂ ಇರಲಿಲ್ಲ. ಅವಳು ನನ್ನನ್ನು ನೋಡಿ ಎದ್ದು ನಿಂತಳು. ತರಗತಿಗೆ ನಾನು ಬಂದಾಗ ನಿಲ್ಲುತ್ತಿದ್ದ ಹಾಗೆಯೇ.

"ಬರ್ರಿ ಅಕ್ಕೋರ, ಕೂಡ್ರಿ."

ಬಸ್ಸಿನಲ್ಲಿ ಏನೇನೋ ಜೋಡಿಸಿಕೊಂಡಿದ್ದೆ. ಒಂದೂ ಬರಲಿಲ್ಲ. "ಆ ಗುರುತು ನಾ ಹಾಕಿದ್ದವಾ" ಅಂದೆ.

"ಗೊತ್ತೈತ್ರಿ."

"ಮತ್ತ ಅವತ್ತ ಯಾಕ ಹೇಳಲಿಲ್ಲ?"

ಅವಳು ಮೇಜಿನ ಮೇಲಿದ್ದ ಹಾಳೆಗಳನ್ನು ಸಮ ಮಾಡುತ್ತ ಇದ್ದಳು. "ನಾ ಹೇಳಿದ್ರ ನೀವು ಹೂಂ ಅಂತಿದ್ರೇನ್ರಿ?" ಅಂದಳು. ಸಿಟ್ಟಿರಲಿಲ್ಲ. ಗೊತ್ತಿಲ್ಲದ್ದನ್ನು ಕೇಳಿದ ಹಾಗೆಯೂ ಇರಲಿಲ್ಲ.

ನಾನು ಅಳುತ್ತೇನೆ ಎಂದುಕೊಂಡಿದ್ದೆ, ಅಳು ಬರಲಿಲ್ಲ. ಅವಳಾದರೂ ಅತ್ತಿದ್ದರೆ, ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ಕೆಲಸದ ಮಾತಿಗೆ ಬಂದಳು. ಮೇಲಿನ ಸಾಹೇಬರಿಗೆ ತಕರಾರು ಅರ್ಜಿ ಕೊಡಲು ಇನ್ನೂ ಹದಿನೈದು ದಿನ ಇದೆಯಂತೆ. ಗುರುತು ತಾನು ಹಾಕಿದ್ದಲ್ಲ ಎಂದು ತೋರಿಸಿದರೆ ಪಟ್ಟಿಯಲ್ಲಿ ಹೆಸರು ಮತ್ತೆ ಸೇರಿಸುತ್ತಾರಂತೆ. "ನೀವು ಒಂದು ಹಾಳಿ ಬರದು ಕೊಟ್ರ ಸಾಕ್ರಿ ಅಕ್ಕೋರ. ಹೆಸರು ಹಾಕಿ ಸಹಿ ಮಾಡ್ರಿ" ಎಂದು ಯಂತ್ರದ ತಟ್ಟೆಯಿಂದ ಬಿಳಿ ಹಾಳೆ ಎಳೆದು, ಪೆನ್ನಿನ ಜೊತೆ ನನ್ನ ಮುಂದಿಟ್ಟಳು.

ಬರೆದೆ. ಮಾನ್ಯರೇ ಎಂದು ಶುರು ಮಾಡಿದೆ. ನಮ್ಮ ಓಣಿಯವರು ಅವಳನ್ನು ಒಳಗೆ ಬಿಟ್ಟಿರಲಿಲ್ಲ, ಗುರುತುಗಳು ಅವಳವಲ್ಲ, ಅವಳು ಪ್ರಾಮಾಣಿಕಳು, ನನ್ನ ವಿದ್ಯಾರ್ಥಿನಿ ಎಂದೆಲ್ಲ ಒಂದು ಪುಟ ತುಂಬಿಸಿದೆ. ಓಣಿಯ ಹಿತೈಷಿ ಎಂದು ಮುಗಿಸಿ ಅವಳ ಕೈಗೆ ಕೊಟ್ಟೆ. ಅವಳು ನಿಧಾನವಾಗಿ ಓದಿದಳು.

"ಇದರಾಗ ನಿಮ್ಮ ಹೆಸರು ಇಲ್ರಿ" ಅಂದಳು.

"ಇದು ಕಚ್ಚಾದ್ದವಾ. ಮನ್ಯಾಗ ಕೂತು ಛಂದಾಗಿ ಬರದು ನಾಳೆ ತಂದು ಕೊಡತೇನಿ."

ಅವಳು ನನ್ನನ್ನು ನೋಡಿದಳು. ಆಮೇಲೆ ಮತ್ತೆರಡು ಹಾಳೆ ತೆಗೆದು ಮಡಚದೆ ಒಂದು ಕವರಿನಲ್ಲಿಟ್ಟು ಕೊಟ್ಟಳು. "ಎರಡು ಒಯ್ರಿ. ಒಂದು ಕೆಟ್ರ ಇನ್ನೊಂದಿರಲಿ."

ನಾಳೆ ನಳ ಬರುವ ದಿನವಾಗಿತ್ತು. ನಾಡಿದ್ದು ಅಮಾವಾಸ್ಯೆ, ಒಳ್ಳೆಯ ಕೆಲಸಕ್ಕೆ ಬೇಡ ಅಂದುಕೊಂಡೆ. ಆಮೇಲೆ ಆಸ್ಪತ್ರೆಯಿಂದ ಬಂದ ಅಧ್ಯಕ್ಷರ ಸೊಸೆಯನ್ನು ನೋಡಲು ಹೋಗಬೇಕಾಯಿತು. ಅಧ್ಯಕ್ಷರು ಕೈಮುಗಿದು, "ನೀವಿದ್ರಿ ಅಂತ ಓಣಿ ಮರ್ಯಾದಿ ಉಳೀತು ನೋಡ್ರಿ ಅಕ್ಕೋರ" ಅಂದರು. ಆ ಮಾತು ಕೇಳಿ ಮನೆಗೆ ಬಂದು ಪೆನ್ನು ಹಿಡಿದೆ. ಮೊದಲ ಸಾಲು ದಾಟಲಿಲ್ಲ. ಇಪ್ಪತ್ತೆರಡು ಮನೆಯ ಅರ್ಜಿಯನ್ನು ಒಂದು ಸಂಜೆಯಲ್ಲಿ ಬರೆದವಳಿಗೆ ಒಂದು ಸಾಲು ಬರೆಯಲಾಗಲಿಲ್ಲ. ದಿನಗಳು ಹೋಗುವುದನ್ನು ಕ್ಯಾಲೆಂಡರಿನಲ್ಲಿ ನೋಡುತ್ತಲೇ ಇದ್ದೆ. ಮರೆತೆ ಎಂದು ಹೇಳಿಕೊಳ್ಳುವ ಹಾಗೂ ಇಲ್ಲ.

ಹದಿನಾರನೇ ದಿನ ಕೂತು ಬರೆದೆ. ಎಲ್ಲ ಬರೆದೆ, ಸ್ಪಷ್ಟವಾಗಿ, ನನ್ನ ಪೂರ್ತಿ ಹೆಸರು ಹಾಕಿ ಸಹಿ ಮಾಡಿದೆ. ತಡವಾದ ಮೇಲೆ ಕೈ ಸಲೀಸಾಗಿ ಓಡಿತು. ಬಸ್ಸಿಗೆಂದು ಚಪ್ಪಲಿ ಮೆಟ್ಟಿದವಳು ಹೊಸ್ತಿಲಲ್ಲೇ ನಿಂತು, ಈಗ ಕೊಟ್ಟು ಏನು ಬಂತು ಎಂದು ವಾಪಸು ಬಂದೆ. ಅದು ನನ್ನ ಕಪಾಟಿನಲ್ಲಿದೆ. ಅವಳು ಒಂದು ಸಲವೂ ಫೋನು ಮಾಡಲಿಲ್ಲ, ಮನೆಗೆ ಬರಲಿಲ್ಲ. ನಾನು ತರುತ್ತೇನೆ ಎಂದು ಎಷ್ಟು ದಿನ ಕಾದಳೋ, ಅಥವಾ ಆ ಎರಡು ಹಾಳೆ ಕೊಡುವಾಗಲೇ ಅವಳಿಗೆ ತಿಳಿದಿತ್ತೋ. ಈಗ ಮತ್ತೊಂದು ಮಳೆಗಾಲ ಬಂದಿದೆ. ಬೆಂಗೇರಿಯ ಮೇಲೆ ಹಾಯುವ ಬಸ್ಸನ್ನು ನಾನು ಹತ್ತುವುದಿಲ್ಲ.

ಇದನ್ನಾದರೂ ಬರೆದು ಹೊರಗೆ ಹಾಕಬೇಕು ಎಂದು ಹತ್ತು ದಿನದಿಂದ ಕೂತು ಬರೆದೆ. ನಿನ್ನೆ ಮುಗಿಸಿ ಗಂಡನ ಕೈಗೆ ಕೊಟ್ಟೆ. ಅವರು ಕನ್ನಡಕ ಒರೆಸಿಕೊಂಡು, ಒಂದೊಂದೇ ಹಾಳೆ ತಿರುವುತ್ತ ಕೊನೆಯವರೆಗೂ ಓದಿದರು. ನಾನು ಎದುರಿಗೇ ಕೂತಿದ್ದೆ.

"ಎಲ್ಲಾ ಖರೇನ ಬರದೀ" ಅಂದರು. ಆಮೇಲೆ ಹಾಳೆಗಳನ್ನು ನನ್ನ ಕಡೆ ಸರಿಸಿದರು. "ಇದರಾಗೂ ನಿನ್ನ ಹೆಸರು ಇಲ್ಲಲ್ಲ."

ಹಾಳೆಗಳನ್ನು ತೆಗೆದುಕೊಂಡು ಒಳಗೆ ಬಂದೆ. ಹೆಸರು ಹಾಕಲಿಲ್ಲ.